ಮಡಚಿದ ಮೂರು ಬೆರಳು

ಜೂನ್ ೯, ಭಾನುವಾರ

ಯಾರಿಗೂ ಹೇಳಿಲ್ಲ. ಇಲ್ಲಿ ಬರೆದುಬಿಡುತ್ತೇನೆ. ಚರ್ಚಿನಲ್ಲಿ ಎಲ್ಲರೂ ‘ನಂಬುತ್ತೇನೆ’ ಎಂದು ಶುರುವಾಗುವ ವಿಶ್ವಾಸ ಸಂಗ್ರಹ ಹಾಡುವಾಗ ನಾನು ತುಟಿ ಮಾತ್ರ ಆಡಿಸುತ್ತೇನೆ. ದನಿ ಇಲ್ಲ. ಚಿಕ್ಕವಳಿದ್ದಾಗಿನಿಂದಲೂ ಹೀಗೇ. ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು — ಆದರೂ ದೇವರು ಒಬ್ಬನೇ. ತ್ರಿತ್ವ ಅನ್ನುತ್ತಾರೆ ಇದಕ್ಕೆ. ತಲೆಗೆ ಹೋಗಿಲ್ಲ. ಹೋಗದ್ದನ್ನು ‘ನಂಬುತ್ತೇನೆ’ ಎಂದು ಬಾಯಿಬಿಟ್ಟು ಹೇಳಲಾರೆ. ಹತ್ತನೇ ಕ್ಲಾಸಿನಲ್ಲಿ ಸ್ಕೂಲು ಬಿಟ್ಟದ್ದೂ ಇದಕ್ಕೇ. ಅರ್ಥವಾಗದಿದ್ದರೂ ತಲೆಯಾಡಿಸು ಎಂದರು ಮೇಷ್ಟ್ರು. ಎದ್ದು ಬಂದೆ.

ಇವತ್ತು ಪೂಜೆ ಮುಗಿದ ಮೇಲೆ ಫಾಯಿನಾ ಅಕ್ಕ ನನ್ನನ್ನು ಬೇಲಿಯ ಹತ್ತಿರ ಎಳೆದುಕೊಂಡು ಹೋದಳು. ತೋಳಿನಲ್ಲಿ ಮಗು ಸವ್ವ. ಮೂರು ತಿಂಗಳು.

“ಉಸ್ತ್ಯಾ, ತ್ರಿತ್ವದ ಹಬ್ಬದ ದಿನ ಇವನಿಗೆ ದೀಕ್ಷಾಸ್ನಾನ. ನೀನೇ ಜ್ಞಾನತಾಯಿ. ಇಲ್ಲ ಅಂತೀಯಾ?”

“ಅಯ್ಯೋ, ಇಲ್ಲ ಅಂತೀನಾ!”

ಹೇಳಿಯೇಬಿಟ್ಟೆ. ಆಮೇಲೆ ನೆನಪಾಯಿತು. ಜ್ಞಾನತಾಯಿ ಒಬ್ಬಳೇ ನಿಂತು, ಎಲ್ಲರ ಮುಂದೆ, ಮಗುವಿನ ಪರವಾಗಿ ವಿಶ್ವಾಸ ಸಂಗ್ರಹವನ್ನು ಗಟ್ಟಿಯಾಗಿ ಓದಬೇಕು.

ಜೂನ್ ೧೧, ಮಂಗಳವಾರ

ದಿನವಿಡೀ ಜೇನು ಸಾಕುವ ಗೆಳೆಯ ತಿಲೆಕ್‌ನ ಮನೆಯಲ್ಲಿ ಜೇನುಪೆಟ್ಟಿಗೆಗಳಿಗೆ ಬಣ್ಣ ಹೊಡೆದೆ. ಹಬ್ಬದ ಮರುದಿನ ಅವರ ಟ್ರಕ್ ಪೆಟ್ಟಿಗೆಗಳ ಸಮೇತ ಬೆಟ್ಟದ ಮೇಲಿನ ಅತ್-ಬಾಶಿಯ ಹುಲ್ಲುಗಾವಲಿಗೆ ಏರುತ್ತದೆ. ಅವನ ತಾಯಿ ಅಡುಗೆಗೆ. ನಾನು ಕೆಲಸಕ್ಕೆ. ಸೆಪ್ಟೆಂಬರಿನ ತನಕ ನಮ್ಮೂರಿನ ಇಸಿಕ್-ಕುಲ್ ಸರೋವರ ಕಾಣುವುದಿಲ್ಲ. ಒಳ್ಳೆಯದೇ. ಒಂದೇ ಬೀದಿಯಲ್ಲಿ ಓಡಾಡಿ ಕಾಲು ಜೋಮು ಹಿಡಿದಿದೆ.

ಜ್ಞಾನತಾಯಿ ವಿಷಯ ತಿಲೆಕ್‌ಗೆ ಹೇಳಿದೆ. ಬ್ರಷ್ ಅಲ್ಲಾಡಿಸುತ್ತಾ ನಕ್ಕ.

“ಮೂರು ದೇವರಿಗೂ ನಿನ್ನ ಮೇಲೆ ನಂಬಿಕೆ ಇದೆಯಾ? ಒಬ್ಬ ಬೇಡ ಅಂದ್ರೆ ಏನ್ ಮಾಡ್ತೀರಿ, ಓಟು ಹಾಕ್ತೀರಾ?”

“ಮೂರು ದೇವರಲ್ಲ ಕಣೋ, ಒಬ್ಬನೇ.”

“ನೀನೇ ಹೇಳಿದ್ಯಲ್ಲ — ಅಪ್ಪ, ಮಗ, ಇನ್ನೊಬ್ರು.”

“ಹೌದು.”

“ಮತ್ತೆ?”

ಪೆಟ್ಟಿಗೆಯ ಮೂಲೆಗೆ ಬಣ್ಣ ಸರಿಯಾಗಿ ಹತ್ತಿಲ್ಲ ಎಂದು ಮಾತು ತಿರುಗಿಸಿದೆ. ಅವನ ಅಮ್ಮ ಒಳಗಿನಿಂದ, “ಅವಳ ದೇವರ ಸುದ್ದಿಗೆ ಹೋಗ್ಬೇಡ್ವೋ, ನೀನು ಶುಕ್ರವಾರದ ನಮಾಜಿಗೆ ಹೋಗೋದು ನೋಡು ಮೊದಲು!” ಎಂದು ಕೂಗಿದರು. ಅವನು ಮತ್ತೆ ಬಣ್ಣಕ್ಕೆ ಬ್ರಷ್ ಅದ್ದಿದ. ಅವನ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ.

ಸಂಜೆ ಚಹಾದ ಲೋಟದ ಎದುರು ಕೂತು ಯೋಚಿಸಿದೆ. ನೀರು, ಚಹಾ, ಆವಿ. ಒಂದೇ, ಮೂರು. ಸ್ವಲ್ಪ ಹೊತ್ತು ಖುಷಿಯಾಯಿತು. ಆಮೇಲೆ ಚಹಾ ತಣ್ಣಗಾಯಿತು. ಆವಿಯೂ ಹೋಯಿತು.

ಜೂನ್ ೧೫, ಶನಿವಾರ

ಕೆಟ್ಟ ದಿನ. ಅಕ್ಕನ ಅಡುಗೆಮನೆಯಲ್ಲಿ ದೀಕ್ಷಾಸ್ನಾನದ ರಿಹರ್ಸಲ್. ಕಲಿಸಲು ಬಂದವಳು ರಾಯಿಸಾ, ಭಾವನ ಅಕ್ಕ. ಭಾವ ದೂರದ ತ್ಯುಮೆನ್‌ನಲ್ಲಿ ಎಣ್ಣೆಬಾವಿಯ ಪಾಳಿಯಲ್ಲಿದ್ದಾನೆ. ಅವನಿಲ್ಲದಾಗ ಈ ಮನೆ ರಾಯಿಸಾಳದ್ದು. ಪ್ರಾರ್ಥನೆಗಳೆಲ್ಲ ಅವಳಿಗೆ ಬಾಯಿಪಾಠ, ಉಪವಾಸದ ದಿನಗಳೂ.

ಮಗುವಿನ ಬದಲು ಒಂದು ಎಲೆಕೋಸು ಕೈಗೆ ಕೊಟ್ಟಳು. ಪಶ್ಚಿಮಕ್ಕೆ ತಿರುಗಿ ಸೈತಾನನ ಮೇಲೆ ಊದಿ ಉಗುಳಬೇಕು. ಉಗುಳಿದೆ.

“ಉಗುಳೋದು ಮಾತ್ರ ಚೆನ್ನಾಗಿ ಬರುತ್ತೆ ನಿನಗೆ,” ಎಂದಳು. ಅಕ್ಕ ನಕ್ಕಳು. ನಾನೂ ನಕ್ಕೆ.

ಆಮೇಲೆ ಪೂರ್ವಕ್ಕೆ ತಿರುಗಿ ಶಿಲುಬೆಯ ಗುರುತು. ಎಲೆಕೋಸನ್ನು ಎಡಗೈಗೆ ಬದಲಾಯಿಸಿ ಗುರುತು ಹಾಕಿಕೊಂಡೆ. ರಾಯಿಸಾ ನನ್ನ ಮಣಿಕಟ್ಟು ಹಿಡಿದಳು.

“ಇದೇನಿದು? ಎರಡು ಬೆರಳು!”

ಚರ್ಚಿನಲ್ಲಿ ಶಾಲಿನ ಒಳಗೆ ಹಾಕಿಕೊಳ್ಳುತ್ತಿದ್ದೆ. ಯಾರೂ ನೋಡಿರಲಿಲ್ಲ. ಬಾಬಾ ಮೆಲಾನಿಯಾ, ನಮ್ಮ ಅಜ್ಜಿ, ಚರ್ಚಿನ ಹಳೆ ಪದ್ಧತಿಯವಳು. ತೋರುಬೆರಳು, ನಡುಬೆರಳು — ಎರಡನ್ನು ಚಾಚಿ ಹಣೆಗೆ ಮುಟ್ಟಿಸುವವಳು. ಚರ್ಚಿಗೆ ಬರುವ ಉಳಿದವರೆಲ್ಲ ಹೆಬ್ಬೆರಳು ಸೇರಿಸಿ ಮೂರನ್ನು ಮುಟ್ಟಿಸುತ್ತಾರೆ. ನಮ್ಮಿಬ್ಬರನ್ನೂ ಸಾಕಿದವಳು ಅಜ್ಜಿ. ಅಕ್ಕ ಮದುವೆಯಾಗಿ ರಾಯಿಸಾಳ ಮನೆ ಸೇರಿದ ಮೇಲೆ ಕೈ ಬದಲಾಯಿಸಿಕೊಂಡಳು. ನನ್ನ ಕೈ ಬದಲಾಗಲಿಲ್ಲ.

“ಮೂರು ಬೆರಳು ಅಂದ್ರೆ ತ್ರಿತ್ವ ಕಣೇ. ನಿನ್ನ ಕೈಯಲ್ಲೇ ತ್ರಿತ್ವ ಇಲ್ಲ, ತಲೇಲಿ ಎಲ್ಲಿಂದ ಬರಬೇಕು? ಫಾಯಿನಾ, ಇಂಥವಳ ಕೈಗೆ ಮಗು ಕೊಡ್ತೀಯಾ?”

ಅಕ್ಕ ಒಲೆಯ ಕಡೆ ನೋಡುತ್ತಿದ್ದಳು.

“ಬೇಡ. ಅವಳು ಹೇಳೋದು ಸರಿ,” ಎಂದೆ. “ನನಗೆ ತ್ರಿತ್ವ ಅರ್ಥವಾಗಿಲ್ಲ. ಯಾವತ್ತೂ ಆಗಿಲ್ಲ. ಸವ್ವನನ್ನ ಎತ್ಕೊಂಡು ನಿಂತು ಸುಳ್ಳು ಹೇಳಲ್ಲ. ರಾಯಿಸಾನೇ ಜ್ಞಾನತಾಯಿ ಆಗಲಿ.”

ಎಲೆಕೋಸನ್ನು ಮೇಜಿನ ಮೇಲಿಟ್ಟು ಬಂದೆ.

ಜೂನ್ ೧೯, ಬುಧವಾರ

ಅಕ್ಕ ಮಾತಾಡುತ್ತಿಲ್ಲ. ಫೋನ್ ಎತ್ತಲ್ಲ. ಇವತ್ತು ಹಾಲು ಕೊಡಲು ಹೋದೆ, ಬಾಗಿಲಲ್ಲೇ ತೆಗೆದುಕೊಂಡಳು.

“ಬೇರೆಯವರೆಲ್ಲ ಅರ್ಥ ಮಾಡ್ಕೊಂಡೇ ಓದ್ತಾರಾ? ನಿನಗೊಬ್ಬಳಿಗೇ ಈ ಸತ್ಯದ ಹುಚ್ಚು.”

“ಮತ್ತೇನ್ ಮಾಡ್ಲಿ?”

“ಏನೂ ಮಾಡ್ಬೇಡ. ಬೆಟ್ಟಕ್ಕೆ ಹೋಗು.”

ಒಳಗೆ ಸವ್ವ ಅಳುತ್ತಿದ್ದ. ನೋಡಲು ಬಿಡಲಿಲ್ಲ.

ಜೂನ್ ೨೨, ಶನಿವಾರ. ಮಧ್ಯಾಹ್ನ

ಸತ್ತವರ ಶನಿವಾರ. ಬಾಬಾ ಮೆಲಾನಿಯಾಳ ಸಮಾಧಿಗೆ ಹೋದೆ. ಹಸಿರು ಕೊಂಬೆ ನೆಟ್ಟೆ, ಒಂದು ಹಿಡಿ ಮಿಠಾಯಿ ಇಟ್ಟೆ. ಅಕ್ಕ ನನಗಿಂತ ಮೊದಲೇ ಬಂದು ಹೋಗಿದ್ದಳು — ಅವಳು ಸುಡುವ ಬನ್ ಅಲ್ಲಿತ್ತು, ಅಡಿ ಕಪ್ಪಗೆ.

ವಾಪಸು ಬರುವಾಗ ಚರ್ಚಿನ ಹಿಂದಿನ ಬಯಲಿನಲ್ಲಿ ಫಾದರ್ ಲಿಯೊನಿದ್ ನಿಲುವಂಗಿ ಸೊಂಟಕ್ಕೆ ಸಿಕ್ಕಿಸಿ ಹುಲ್ಲು ಕತ್ತರಿಸುತ್ತಿದ್ದರು. ನಾಳೆ ಹಬ್ಬಕ್ಕೆ ಚರ್ಚಿನ ನೆಲದ ತುಂಬ ಹುಲ್ಲು ಹಾಸಬೇಕಲ್ಲ. ಕುಡುಗೋಲು ಹಿಡಿದ ರೀತಿ ನೋಡಲಾಗಲಿಲ್ಲ. ಕಿತ್ತುಕೊಂಡು ನಾನೇ ಕತ್ತರಿಸಿದೆ. ಅವರು ಗುಡ್ಡೆ ಹಾಕಿದರು.

“ರಾಯಿಸಾ ಎಲ್ಲ ಹೇಳಿದ್ಲು,” ಎಂದರು.

“ಹೇಳದೆ ಇರ್ತಾಳಾ?” ಎಂದೆ. ಆಮೇಲೆ ಎಲ್ಲ ಸುರಿದೆ. ತುಟಿ ಆಡಿಸಿದ್ದು, ತಿಲೆಕ್‌ನ ಓಟು, ಚಹಾ ಕೂಡ.

“ಚಹಾ ಬೇಡ,” ಎಂದರು. “ನೀರು ಒಮ್ಮೆ ಹಾಗೆ, ಒಮ್ಮೆ ಹೀಗೆ. ದೇವರು ವೇಷ ಬದಲಾಯಿಸೋನಲ್ಲ. ಮಗ ಪ್ರಾರ್ಥಿಸಿದಾಗ ಕೇಳಿಸಿಕೊಳ್ಳೋಕೆ ತಂದೆ ಇದ್ದ.”

“ಹಾಗಾದ್ರೆ ಹೇಗೆ?”

“ಬೆಳಿಗ್ಗೆ ಎದ್ದು ಏನ್ ಮಾಡ್ತೀಯ?”

“ಮುಖ ತೊಳೀತೀನಿ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳ್ತೀನಿ.”

“ಆ ಮಾತು ಕಲಿಸಿದ್ದು ಯಾರು?”

“ಬಾಬಾ... ಅಲ್ಲ, ಯೇಸು.”

“ಅಂದ್ರೆ ಮಗನ ಪಕ್ಕದಲ್ಲಿ ನಿಂತು, ಮಗನ ಮಾತಲ್ಲೇ, ತಂದೆಯನ್ನ ಕರೀತೀಯ. ಹೇಳು ಅಂತ ಒತ್ತಾಯ ಮಾಡೋದು ಯಾರು? ನೀನು ಯಾರ ಮಾತೂ ಕೇಳೋ ಹುಡುಗಿ ಅಲ್ಲ.”

“ಯಾರೂ ಇಲ್ಲ. ಒಳಗಿಂದ ಬರುತ್ತೆ. ಹೇಳದಿದ್ರೆ ಇಡೀ ದಿನ ಏನೋ ಬಿಟ್ಟ ಹಾಗಿರುತ್ತೆ.”

“ಆ ಒಳಗಿಂದ ಎಬ್ಬಿಸೋದನ್ನೇ ಪವಿತ್ರಾತ್ಮನ ಕೆಲಸ ಅಂತೀವಿ. ನೀನು ಮನೆಯೊಳಗೇ ನಿಂತಿದ್ದೀಯ ಉಸ್ತ್ಯಾ. ಅಂಗಳಕ್ಕೆ ಹೋಗಿ ಕಿಟಕಿಯಿಂದ ಒಳಗೆಷ್ಟು ಜನ ಅಂತ ಎಣಿಸೋಕೆ ನೋಡ್ತಿದ್ದೀಯ.”

ಕುಡುಗೋಲು ನಿಲ್ಲಿಸಿದೆ.

“ಇಷ್ಟೇನಾ?”

“ಇಷ್ಟೇ ಅಲ್ಲ. ನನಗೂ ಪೂರ್ತಿ ಗೊತ್ತಿಲ್ಲ. ‘ನಂಬ್ತೀನಿ’ ಅಂದ್ರೆ ‘ಲೆಕ್ಕ ಬಿಡಿಸಿದೆ’ ಅಂತಲ್ಲ. ಭಾರ ಹಾಕಿ ನಿಲ್ತೀನಿ ಅಂತ.”

ಬೆರಳಿನ ವಿಷಯ ಉಳಿದಿತ್ತು. ಕೇಳಲು ನಾಚಿಕೆ. ಕೇಳಿದೆ. “ರಾಯಿಸಾ ಹೇಳ್ತಾಳೆ ನನ್ನ ಕೈಯಲ್ಲಿ ತ್ರಿತ್ವ ಇಲ್ಲ ಅಂತ.”

“ತೋರಿಸು. ಅಜ್ಜಿ ಕಲಿಸಿದ ಹಾಗೆ.”

ತೋರಿಸಿದೆ. ಎರಡು ಬೆರಳು ಮೇಲೆ.

“ಈ ಎರಡು, ಕ್ರಿಸ್ತ ದೇವರೂ ಹೌದು ಮನುಷ್ಯನೂ ಹೌದು ಅಂತ. ಸರಿ. ಉಳಿದವು ಏನ್ ಮಾಡ್ತಿವೆ?”

ನೋಡಿಕೊಂಡೆ. ಉಂಗುರಬೆರಳು, ಕಿರುಬೆರಳು ಮಡಚಿ ಕೆಳಗೆ, ಹೆಬ್ಬೆರಳು ಬಂದು ಅವುಗಳ ತುದಿಗೆ ಕೂತಿದೆ. ಇದು ಸಡಿಲವಾದರೆ ಬಾಬಾ ಚಮಚದಿಂದ ಗೆಣ್ಣಿಗೆ ಹೊಡೆಯುತ್ತಿದ್ದಳು. ಮೇಲಿನ ಎರಡು ಸೊಟ್ಟಗಿದ್ದರೂ ಬಿಡುತ್ತಿದ್ದಳು, ಇದನ್ನು ಬಿಡುತ್ತಿರಲಿಲ್ಲ. ಯಾಕೆಂದು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಮೂರು,” ಎಂದೆ.

“ಮೂರು. ರಾಯಿಸಾ ಹೊರಗೆ ತೋರಿಸ್ತಾಳೆ. ನೀನು ಒಳಗೆ ಇಟ್ಕೊಂಡಿದ್ದೀಯ. ಎರಡು ಬೆರಳಿನ ಹಳೇ ಕೈಯವರನ್ನ ಚರ್ಚು ಶಪಿಸ್ತಿದ್ದ ಕಾಲ ಹೋಯ್ತು. ಶಾಲಿಂದ ಹೊರಗೆ ತೆಗಿ.”

ನಗು ಬಂತು. ಅಳುವೂ. ಹುಲ್ಲಿನ ಧೂಳು ಎಂದು ಮೂಗು ಒರೆಸಿಕೊಂಡೆ. ರೊಟ್ಟಿ ಮುರಿಯುವ ಮೊದಲು, ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು, ಜೇನುಹುಳ ಕಚ್ಚೀತೆಂದು ಹೆದರಿದಾಗ... ಎಷ್ಟು ಸಲ ಹೀಗೆ ಹಿಡಿದಿಲ್ಲ! ಗೊತ್ತಿಲ್ಲದೆ ಹಿಡಿದಿದ್ದೆ. ಹಿಡಿದದ್ದಂತೂ ನಿಜ.

ಅದೇ ದಿನ, ಸಂಜೆ

ಅಕ್ಕನ ಮನೆಗೆ ನೇರ ಹೋದೆ. ಮೈಯೆಲ್ಲ ಹುಲ್ಲು.

“ಓದ್ತೀನಿ,” ಎಂದೆ. “ಪೂರ್ತಿ ಅರ್ಥವಾಗಿಲ್ಲ. ಆದ್ರೆ ಸುಳ್ಳಾಗಲ್ಲ ಈಗ. ನೀನು ಇನ್ನೂ ಬೇಕು ಅಂದ್ರೆ.”

“ರಾಯಿಸಾಗೆ ಹೇಳಿಬಿಟ್ಟಿದ್ದೀನಲ್ಲೇ.” ನನ್ನ ತಲೆಯಿಂದ ಒಂದು ಹುಲ್ಲುಕಡ್ಡಿ ತೆಗೆದಳು. “ಬೈಸಿಕೊಳ್ತೀನಿ ಬಿಡು. ಮೊದಲು ತಲೆ ಬಾಚ್ಕೋ. ಮಗುಗೆ ಹುಲ್ಲುಮೆದೆ ಅಂತ ಭಯ ಆಗುತ್ತೆ.”

ಸವ್ವನನ್ನು ಕೈಗೆ ಕೊಟ್ಟಳು. ಎಲೆಕೋಸಿಗಿಂತ ಹಗುರ ಅನ್ನಿಸಿತು.

ಜೂನ್ ೨೩, ಭಾನುವಾರ. ತ್ರಿತ್ವದ ಹಬ್ಬ

ಚರ್ಚಿನೊಳಗೆ ನಾನು ಕೊಯ್ದ ಹುಲ್ಲು. ಎಲ್ಲರೂ ಅದರ ಮೇಲೆ ಮಂಡಿಯೂರಿದರು. ಮುದುಕಿಯರ ಲಂಗಕ್ಕೆಲ್ಲ ಹಸಿರು ಕಲೆ.

ಪೂಜೆ ಮುಗಿದು ದೀಕ್ಷಾಸ್ನಾನ. ತೊಟ್ಟಿಯ ಅಂಚಿಗೆ ಮೂರು ಮೇಣದಬತ್ತಿ. ಪಶ್ಚಿಮಕ್ಕೆ ಉಗುಳಿದೆ. ಪೂರ್ವಕ್ಕೆ ತಿರುಗಿದೆ. ಕೈಯನ್ನು ಶಾಲಿನಿಂದ ಹೊರಗೆ ತೆಗೆದು ಅಜ್ಜಿಯ ಹಾಗೆ ಗುರುತು ಹಾಕಿಕೊಂಡೆ. ಹಿಂದೆ ರಾಯಿಸಾ ಉಸಿರು ಎಳೆದುಕೊಂಡದ್ದು ಕೇಳಿಸಿತು.

“ನಂಬುತ್ತೇನೆ” — ಮೊದಲ ಪದಕ್ಕೆ ಹಳೇ ಅಭ್ಯಾಸದಂತೆ ತುಟಿ ಮಾತ್ರ ಆಡಿತು. ಮಡಚಿದ ಮೂರನ್ನು ಒತ್ತಿ ಹಿಡಿದೆ. ಬಂತು. ಉಳಿದದ್ದೆಲ್ಲ ಬಂತು. ನನ್ನ ದನಿ ಇಷ್ಟು ದಪ್ಪ ಎಂದು ಗೊತ್ತಿರಲಿಲ್ಲ. ಮುಗಿದಾಗ ಬೆನ್ನ ಮೇಲಿಂದ ಮೂಟೆ ಇಳಿಸಿದ ಹಾಗೆ.

ಪಿತನ ಹೆಸರಿನಲ್ಲಿ ಮುಳುಗಿಸಿದಾಗ ಸವ್ವ ಕಿರುಚಿದ. ಸುತನ ಹೆಸರಿನಲ್ಲಿ, ಇನ್ನೂ ಜೋರು. ಪವಿತ್ರಾತ್ಮನ ಹೆಸರಿನಲ್ಲಿ ಎದ್ದು ಬಂದವನು ಕಿರುಚುವುದನ್ನು ಮರೆತು ಫಾದರ್ ಗಡ್ಡ ಹಿಡಿದುಕೊಂಡ. ಬಿಡಿಸಲು ಇಬ್ಬರು ಬೇಕಾಯಿತು. ಒದ್ದೆ ಮಗು ನನ್ನ ಕೈಗೆ ಬಂತು. ಪಕ್ಕಕ್ಕೆ ನೋಡಿದೆ. ಅಕ್ಕ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಎರಡು ಬೆರಳು ಮೇಲೆ, ಮೂರು ಒಳಗೆ. ಅವಳಿಗೇ ಗೊತ್ತಿರಲಿಲ್ಲ ಅನಿಸುತ್ತದೆ. ಗೊತ್ತಾದಾಗ ನನ್ನತ್ತ ನೋಡಿದಳು. ಬದಲಾಯಿಸಲಿಲ್ಲ.

ಊಟಕ್ಕೆ ಕೂತಾಗ ರಾಯಿಸಾ ನನ್ನ ತಟ್ಟೆಗೆ ಕಡುಬು ಬಡಿಸುತ್ತಾ, “ಓದಿದ್ದು ಸ್ಪಷ್ಟವಾಗಿತ್ತು,” ಎಂದಳು. ಇನ್ನೊಂದು ಸೌಟು ಹಾಕಿದಳು. “ಕೈ ಮಾತ್ರ ನನಗೆ ಹಿಡಿಸಲಿಲ್ಲ.”

“ಗೊತ್ತು,” ಎಂದೆ. ತಿಂದೆ.

ಆಮೇಲೆ ತಿಲೆಕ್ ಜೊತೆ ಟ್ರಕ್ಕಿಗೆ ಹಗ್ಗ ಬಿಗಿದೆ.

“ಏನಾಯ್ತು ಕೊನೆಗೆ, ಎಷ್ಟು?”

“ಒಬ್ಬನೇ.”

“ಆ ಮೂರು?”

“ಅವರೂ.”

“ಲೆಕ್ಕ ತಪ್ಪು ಮಾರಾಯ್ತಿ.”

“ಇರಬಹುದು. ಒಳಗಿದ್ದೋರು ಎಣಿಸಲ್ಲ. ಹಗ್ಗ ಎಳಿ.”

ಎಳೆದ. ಕತ್ತಲಾಗಿ ಜೇನುಹುಳಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಯಿಗೆ ಜಾಲರಿ ಹೊಡೆಯಬೇಕು. ಬೂಟು ಒರೆಸಿದ್ದೇನೆ. ಅಕ್ಕ ಬನ್ ಕಟ್ಟಿಕೊಟ್ಟಿದ್ದಾಳೆ, ಅಡಿ ಕಪ್ಪು. ನಾಳೆ ಹೊರಡುತ್ತೇನೆ.