ಟೋಲೆಫ್ಸನ್ ಅವರ ಕಾಲುಚೀಲ

ನವೆಂಬರ್ ೧೪, ಗುರುವಾರ, ಡುಲುತ್

ಕಾಲುಚೀಲ ಎಳೆದು ತೊಡಿಸಿದ್ದು ನಾನು. ಮಧ್ಯಾಹ್ನದಿಂದ ತಲೆಯಲ್ಲಿ ಅದೊಂದೇ.

ಟೋಲೆಫ್ಸನ್ ಅಜ್ಜನಿಗೆ ಸೊಂಟದ ಕೀಲು ಬದಲಾಯಿಸಿ ಹತ್ತು ದಿನ. ಬಗ್ಗಿದರೆ ಕೀಲು ಜಾರಬಹುದು, ಹಗ್ಗ ಕಟ್ಟಿದ ಪ್ಲಾಸ್ಟಿಕ್ ಸಾಧನದಿಂದಲೇ ಕಾಲುಚೀಲ ಹಾಕಿಕೊಳ್ಳಬೇಕು. ಮನೆಯಲ್ಲಿ ಅವರೊಬ್ಬರೇ. ಇವತ್ತು ಆಸ್ಪತ್ರೆಯಿಂದ ಮನೆಗೆ ಕಳಿಸುವ ಮುಂಚಿನ ಕೊನೆಯ ಪರೀಕ್ಷೆ, ಕಾಲುಚೀಲ ತಾವೇ ಹಾಕಿಕೊಳ್ಳಬೇಕು. ನನಗೆ ತರಬೇತಿ ಕೊಡುವ ಥೆರಪಿಸ್ಟ್ ಗ್ರೆಚನ್ ಅವರಿಗೆ ಇವರು ಇವತ್ತಿನ ಹನ್ನೊಂದನೇ ಪೇಷೆಂಟ್. ಪೇಷೆಂಟ್ ಎದುರಿಗಿರುವಾಗಲೇ ನೋಟ್ಸ್ ಮುಗಿಸಬೇಕೆಂಬ ನಿಯಮ, ಅವರ ಕಣ್ಣೆಲ್ಲ ಲ್ಯಾಪ್‌ಟಾಪಿನ ಮೇಲೆ.

ಕಾಲುಚೀಲ ಎರಡು ಸಲ ಜಾರಿತು. "ಇದಕ್ಕಿಂತ ಮೀನು ಹಿಡಿಯೋದೇ ಸಲೀಸು. ಸ್ವಲ್ಪ ಕೈ ಹಾಕಮ್ಮ," ಎಂದು ಅಜ್ಜ ಪಿಸುಗುಟ್ಟಿದರು. ಪಾಪ ಎನಿಸಿ ಎಳೆದುಬಿಟ್ಟೆ. ನಮ್ಮ ಕೆಲಸದಲ್ಲಿ ಆ ಪಾಪವೇ ತಪ್ಪು.

ಗ್ರೆಚನ್ ತಲೆಯೆತ್ತಿದರು. "ಅರೆ, ಹಾಕ್ಕೊಂಡೇ ಬಿಟ್ರಲ್ಲ!" ಎಂದು, ಸಹಾಯ ಬೇಕಿಲ್ಲವೆಂದು ಬರೆದರು.

ಮೂರು ಗಂಟೆಗೆ ಧೈರ್ಯ ಮಾಡಿ, ಎಳೆದದ್ದು ನಾನೆಂದು ಗ್ರೆಚನ್ ಅವರಿಗೆ ಹೇಳಿದೆ. ಬೈಯಲಿಲ್ಲ. ಊಟದ ಬದಲು ತಿನ್ನುತ್ತಿದ್ದ ಬಿಸ್ಕತ್ತು ಕೆಳಗಿಟ್ಟು, "ಇನ್ನೂ ನಾಲ್ಕು ಜನ ಕಾಯ್ತಿದಾರೆ ಕಣೇ. ಮತ್ತೆ ಪರೀಕ್ಷೆ ಯಾವಾಗ ಮಾಡ್ಲಿ? ನೀನೇ ಹೇಳು," ಎಂದರು. ನನ್ನ ಪಾಸು ಫೇಲು ಬರೆಯುವವರೂ ಅವರೇ. "ಪರವಾಗಿಲ್ಲ ಬಿಡಿ," ಎಂದುಬಿಟ್ಟೆ. ದೊಡ್ಡವರ ಮುಖ ನೋಡಿ ಉತ್ತರ ಕೊಡುವುದು ಹಾಸ್ಟೆಲಿನಲ್ಲಿ ಕಲಿತ ಬುದ್ಧಿ.

ನಾಲ್ಕಕ್ಕೆ ಅಜ್ಜನನ್ನು ಮನೆಗೆ ಕರೆದೊಯ್ಯುವ ವ್ಯಾನ್ ಹೊರಟಿತು. ಕಿಟಕಿಯಿಂದ ನನಗೆ ಕೈ ಬೀಸಿದರು.

ಯಾರ ಮೇಲೂ ಸಿಟ್ಟು ಬರುತ್ತಿಲ್ಲ, ಬರೀ ಹೆದರಿಕೆ. ನಾಳೆ ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು ಎರಡು ಸಲ ಪ್ರಯತ್ನಿಸಿ ನೋಡುತ್ತಾರೆ, ಆಮೇಲೆ ಬೇಸತ್ತು ಆ ಸಾಧನವನ್ನು ಪಕ್ಕಕ್ಕೆಸೆದು ಬಗ್ಗಿಬಿಡುತ್ತಾರೆ.