ಓದು ಮುಗಿಯುವ ತನಕ

ಹಾರೂಗೇರಿ, ೧೪-೩-೧೯೮೯

ಬಳಗದ ಅಧ್ಯಕ್ಷರಾದ ಧನಪಾಲ ಅಣ್ಣಾ ಅವರಿಗೆ,

ಮೊನ್ನೆ ವಾಚನಾಲಯದ ನಮ್ಮ ಕವಿಗೋಷ್ಠಿಯಲ್ಲಿ ಶಿವಗಂಗವ್ವನನ್ನು ಅವಳ ಅಣ್ಣ ಮುರಗೆಪ್ಪ ಬಾರುಕೋಲಿನಿಂದ ಹೊಡೆದ, ಬಳಗವೆಲ್ಲ ಕುಳಿತು ನೋಡಿತು. ಅವಳು ಓದುತ್ತಿದ್ದದ್ದು ಮದುವೆ ಬೇಡವೆಂಬ ಕವಿತೆ. ಹಣೆಯ ರಕ್ತ ಹಾಳೆಗೆ ಸುರಿದರೂ ಓದಿದಳು. ಎರಡು ಸಾಲು ಉಳಿದಾಗ ಕುಸಿದಳು.

ಮೊದಲ ಏಟಿಗೇ ನಾನು ಎದ್ದರೆ ನೀವು ಅಂಗಿ ಹಿಡಿದು ಜಗ್ಗಿದಿರಿ. "ಕುಂದರಲೇ ಪಾರಿಸಾ, ಓದು ಮುಗಿಯೂತನಕ ಯಾರೂ ಏಳಬಾರದಂತ ನಿಯಮ ಐತಿ!"

ಆ ನಿಯಮ ಓದುವವರ ಗೌರವಕ್ಕೆ ಮಾಡಿದ್ದು, ಹೊಡೆಯುವವನ ಅನುಕೂಲಕ್ಕಲ್ಲ. ಅದರ ಕೆಳಗೆ ಇದನ್ನೂ ಬರೆಯಿರಿ: ಓದುವವರ ಮೇಲೆ ಕೈ ಎತ್ತಿದರೆ ಎಲ್ಲರೂ ಏಳಬೇಕು.

ಶಿವಗಂಗವ್ವನ ಹಣೆಗೆ ಹೊಲಿಗೆ ಹಾಕಿದ್ದಾರೆ. "ಉಳದ ಎರಡು ಸಾಲು ಓದೇ ಓದ್ತೀನಿ" ಅನ್ನುತ್ತಾಳೆ. ಮುರಗೆಪ್ಪನೂ ಬರುತ್ತಾನಂತೆ. ಈ ಸಲ ನಿಮಗೆ ಕುರ್ಚಿ ಹಾಕುವುದಿಲ್ಲ, ನನ್ನ ಜೊತೆ ಬಾಗಿಲಲ್ಲಿ ನಿಲ್ಲಿರಿ. ಅದೇ ವಾಚನಾಲಯ, ಬರುವ ರವಿವಾರ, ಸಂಜೆ ನಾಲ್ಕಕ್ಕೆ.

ಇನ್ನೂ ನಿಮ್ಮ ಬಳಗದವನೇ,
ಪಾರಿಸ