ಬೆಳ್ಳಗೆ ತೆಗೆದ ಫೋಟೋ

ಕೊಳ್ಳೇಗಾಲ
೧೪-೯-೨೦೨೪, ಶನಿವಾರ

ನನ್ನ ಮೇಲೆ ಮುನಿಸಿಕೊಂಡೇ ಇರುವ ತಂಗಿ ಚಿನ್ನತಾಯಿಗೆ, ನಿನ್ನ ಅಣ್ಣ ಜಡೇಸ್ವಾಮಿಯ ಪ್ರೀತಿಯ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಹೆರಿಗೆಯಾದ ಮೇಲೆ ಹಿಡಿದುಕೊಂಡ ಬೆನ್ನುನೋವು ಇನ್ನೂ ಬಿಟ್ಟಿಲ್ಲವೆಂದು ಕೇಳಿದೆ. ಬಿಸಿನೀರು ಹಾಕಿಕೊಳ್ಳುತ್ತಿದ್ದೀಯೋ ಇಲ್ಲ, ಚಿಕ್ಕಂದಿನ ಹಾಗೆ ಎಲ್ಲ ನೋವನ್ನೂ ನುಂಗಿಕೊಂಡು ಓಡಾಡುತ್ತಿದ್ದೀಯೋ? ಮಗು ಹೇಗಿದೆ? ನಾನು ಅವಳನ್ನು ನೋಡಿದ್ದು ಅಂಬೆಗಾಲಿಕ್ಕುವಾಗ. ಈಗ ನಾಲ್ಕು ತುಂಬಿ ಅಂಗನವಾಡಿಗೆ ಹೋಗುತ್ತಾಳಂತೆ, ಬಾಯಿ ತುಂಬ ಮಾತಾಡುತ್ತಾಳಂತೆ. ನಿನ್ನ ಗಂಡ ಮಾದಸ್ವಾಮಿಯವರೂ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ಇಲ್ಲಿ ಅವ್ವನ ಮಂಡಿ ಕೈಕೊಟ್ಟಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು ಹನೂರಿನ ಕಡೆಯಿಂದ ಬರುವ ಬಸ್ಸುಗಳನ್ನು ನೋಡುತ್ತಾಳೆ. ಯಾರನ್ನು ಕಾಯುತ್ತೀಯವ್ವ ಎಂದು ಕೇಳಿದರೆ ನನ್ನನ್ನೇ ಬೈಯುತ್ತಾಳೆ.

ಫೋನಿರುವಾಗ ಕಾಗದವೇಕೆ ಎಂದು ನಗಬೇಡ. ಮೂರು ವರ್ಷದಿಂದ ನನ್ನ ನಂಬರು ಕಂಡರೆ ನೀನು ಎತ್ತುವುದಿಲ್ಲ, ಮಾದಸ್ವಾಮಿಯವರು ಎತ್ತಿದರೂ ‘ಕೆಲಸದಲ್ಲವ್ಳೆ’ ಅನ್ನುತ್ತಾರೆ. ಈ ಕಾಗದವನ್ನು ನಿನ್ನ ನಾದಿನಿ ಕವಿತ ನಾಳೆ ತನ್ನ ಫೋಟೋ ಕವರಿನೊಳಗೆ ಇಟ್ಟುಕೊಂಡು ಅಜ್ಜೀಪುರಕ್ಕೆ ತರುತ್ತಾಳೆ. ಅಚ್ಚರಿಯಾಯಿತೆ? ಮೊನ್ನೆ ಬುಧವಾರ ನಿಮ್ಮತ್ತೆ ಜವರಮ್ಮನವರು ಕವಿತಳನ್ನು ಕರೆದುಕೊಂಡು ನನ್ನ ಸ್ಟುಡಿಯೊಗೆ ಬಂದಿದ್ದರು. ನಿನಗೆ ಹೇಳಿರಲಾರರು. ಬಂದದ್ದು ಯಾಕೆಂದು ಹೇಳುವ ಮುಂಚೆ ಹಳೆಯದನ್ನು ಒಂದು ಸಲ ನನ್ನ ಬಾಯಿಂದಲೇ ಹೇಳಿಬಿಡಬೇಕು. ಆರು ವರ್ಷದಿಂದ ನಾನು ಅದನ್ನು ಯಾರೆದುರಿಗೂ ಪೂರ್ತಿ ಹೇಳಿಲ್ಲ, ನಿನ್ನೆದುರಿಗಂತೂ ಇಲ್ಲವೇ ಇಲ್ಲ.

ಆಗ ನಾನು ಬೇರೆಯವರ ಸ್ಟುಡಿಯೊದಲ್ಲಿ ಫೋಟೋ ತೆಗೆದು ಆಲ್ಬಂ ಅಂಟಿಸುತ್ತಿದ್ದೆ. ನಿನ್ನನ್ನು ನೋಡಲು ಬಂದ ಎರಡು ಕಡೆಯವರು ‘ಹುಡುಗಿ ಬಣ್ಣ ಸ್ವಲ್ಪ ಕಮ್ಮಿ’ ಎಂದು ಹೇಳಿ ಕಾಫಿ ಕುಡಿದು ಹೋಗಿದ್ದರು. ಅವ್ವ ನನ್ನ ಕಡೆ ತಿರುಗಿ, ‘ಊರೋರ್ ಮಕ್ಳುನ್ನೆಲ್ಲ ಚೆಂದಾಗಿ ತಗೀತೀಯ, ಒಡುಟ್ದೋಳ್ನ ಬೆಳ್ಗೆ ತಗಿಯಕ್ಕಾಗಲ್ವೇನ್ಲಾ?’ ಅಂದಳು. ಸ್ಟುಡಿಯೊದ ದೊಡ್ಡ ಲೈಟುಗಳನ್ನು ಮನೆಗೆ ತರಲು ಧಣಿ ಬಿಡುವುದಿಲ್ಲ, ಕೊಳ್ಳಲು ಕೈಯಲ್ಲಿ ಕಾಸಿಲ್ಲ. ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಅಪ್ಪ ಬದುಕಿದ್ದಾಗ ರೇಷ್ಮೆ ಹುಳು ಸಾಕುತ್ತಿದ್ದ ಬಿದಿರಿನ ತಟ್ಟೆಗಳು ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದವಲ್ಲ, ಒಂದನ್ನು ಇಳಿಸಿ ಮೈದಾ ಅಂಟಿನಿಂದ ಒಳಗೆಲ್ಲ ಬೆಳ್ಳಿ ಕಾಗದ ಮೆತ್ತಿದೆ. ಹಲಗೆಯೊಂದಕ್ಕೆ ಆರು ಹೋಲ್ಡರು ಬಡಿದು ಒಂಬತ್ತು ವಾಟಿನ ಆರು ಎಲ್‌ಇಡಿ ಬಲ್ಬು ಹಾಕಿದೆ. ಅದಕ್ಕೆ ಸ್ಟ್ಯಾಂಡು, ಕೆಟ್ಟು ಕೂತಿದ್ದ ಉದ್ದ ಫ್ಯಾನಿನ ಕಾಲು. ಬೆಳಕು ಮುಖಕ್ಕೆ ಹೊಡೆಯದ ಹಾಗೆ ಮುಂದುಗಡೆ ಅಪ್ಪನ ಬಿಳಿ ಪಂಚೆ ಕಟ್ಟಿದೆ. ಟಿವಿ ಅಂಗಡಿಯವರು ಬಿಸಾಕಿದ್ದ ಥರ್ಮೋಕೋಲನ್ನು ನಿನ್ನ ತೊಡೆಯ ಮೇಲಿಡಿಸಿದರೆ ಗಲ್ಲದ ಕೆಳಗಿನ ನೆರಳೂ ಮಾಯ. ಹದಿನೈದು ದಿನ ನೀನು ಬೇಸರವಿಲ್ಲದೆ ನನಗೆ ಕೂತುಕೊಟ್ಟೆ. ‘ಅಣ್ಣ, ಹುಳದ್ ತಟ್ಟೆ ಮುಂದ್ ಕೂತು ನಾನೂ ಗೂಡ್ ಕಟ್ಟಬೇಕಾ?’ ಎಂದು ತಮಾಷೆ ಮಾಡುತ್ತಿದ್ದೆ. ನಾನು ಕೆಲಸದ ಹುಚ್ಚಿನಲ್ಲಿ ಗಲ್ಲ ಎತ್ತು, ಗಲ್ಲ ಇಳಿಸು ಎನ್ನುತ್ತಿದ್ದೆ. ಸತ್ಯ ಹೇಳುತ್ತೇನೆ ಚಿನ್ನಿ, ನಿನ್ನ ಮದುವೆಗಿಂತ ನನಗೆ ಆ ಲೈಟಿನ ಮೇಲೆ ಆಸೆ ಜಾಸ್ತಿಯಾಗಿತ್ತು.

ಒಂದು ದಿನ ಕರೆಂಟು ಹೋಯಿತು, ನೆನಪಿದೆಯೆ? ನೀನು ಸೆಕೆಗೆ ಎದ್ದು ಹೋಗಿ ಹಿತ್ತಿಲ ಬಾಗಿಲ ಹತ್ತಿರ ನಿಂತು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದೆ. ಬಾಗಿಲಿನ ಬೆಳಕು ಒಂದು ಮಗ್ಗುಲಿಗೆ ಬಿದ್ದಿತ್ತು. ಸುಮ್ಮನೆ ಒಂದು ತೆಗೆದೆ. ಇಷ್ಟು ವರ್ಷದಲ್ಲಿ ಸಾವಿರಾರು ಮುಖ ತೆಗೆದಿದ್ದೇನೆ, ಅದರಂಥದು ಇನ್ನೊಂದು ನನ್ನ ಕೈಯಿಂದ ಬಂದಿಲ್ಲ. ಅದರಲ್ಲಿ ನೀನು ನೀನಾಗಿದ್ದೆ, ನಿನ್ನ ಬಣ್ಣವೂ ಎಷ್ಟು ಚೆನ್ನಾಗಿತ್ತು! ಅವ್ವ ನೋಡಿ, ‘ಲೇ ಜಡೇ, ಇದ್ರಲ್ಲಿ ಕಪ್ಗವ್ಳೆ ಕಣ್ಲಾ, ಬ್ಯಾಡ, ಅಳಿಸಾಕು’ ಅಂದಳು. ನಾನು ಅಳಿಸಿದೆ. ಅವ್ವನನ್ನು ದೂರುವುದಿಲ್ಲ, ಬೆರಳು ನನ್ನದು. ಕರೆಂಟು ಬಂದ ಮೇಲೆ ಆರು ಬಲ್ಬನ್ನೂ ಹಚ್ಚಿ, ಕ್ಯಾಮೆರಾದಲ್ಲಿ ಬೆಳಕು ಇನ್ನಷ್ಟು ಏರಿಸಿ, ಹಿಟ್ಟು ಮೆತ್ತಿದ ಹಾಗೆ ಬೆಳ್ಳಗಿದ್ದ ಒಂದು ಫೋಟೋ ತೆಗೆದೆ. ಅಜ್ಜೀಪುರಕ್ಕೆ ಹೋದದ್ದು ಅದು.

ಅಷ್ಟಕ್ಕೇ ನಿಲ್ಲಿಸಿದ್ದರೆ ದೇವರು ಕ್ಷಮಿಸುತ್ತಿದ್ದನೇನೋ. ಫೋಟೋ ಒಪ್ಪಿ ಹೆಣ್ಣು ನೋಡಲು ಬರುತ್ತೇವೆಂದಾಗ ಅವ್ವ ಹೆದರಿಕೊಂಡಳು. ನಾನು, ಸಂಜೆ ಹೊತ್ತು ಬರಲಿ ಎಂದು ಹೇಳಿಕಳಿಸಿ, ನೆನಪಿಗೆ ನಾಲ್ಕು ಫೋಟೋ ತೆಗೆಯುವ ನೆಪದಲ್ಲಿ ಆ ತಟ್ಟೆ, ಹಲಗೆ, ಪಂಚೆ ಎಲ್ಲವನ್ನೂ ನಡುಮನೆಯಲ್ಲೇ ನಿಲ್ಲಿಸಿದೆ. ನೀನು ಕಾಫಿ ತಟ್ಟೆ ಹಿಡಿದು ಬಂದವಳು ಬೆಳಕಿನೊಳಗೇ ಬಂದೆ, ಬೆಳಕಿನೊಳಗೇ ನಮಸ್ಕಾರ ಮಾಡಿದೆ. ನಿಮ್ಮತ್ತೆ ಹತ್ತಿರ ಕರೆದು ಕೂರಿಸಿಕೊಳ್ಳಲು ಹೋದಾಗ ‘ಅಲ್ಲಿ ಬೇಡಿ, ಫೋಟೋಗೆ ಇಲ್ಲೇ ಚೆನ್ನ’ ಎಂದು ತಡೆದವನೂ ನಾನೇ. ಮದುವೆಯೂ ಗೋಧೂಳಿ ಲಗ್ನಕ್ಕೆ, ಛತ್ರದಲ್ಲಿ, ಮೊಗದ ತುಂಬ ಬಣ್ಣ, ವಿಡಿಯೋದವರ ದೀಪ. ನಿಮ್ಮತ್ತೆ ನಿನ್ನ ಮುಖವನ್ನು ಹಗಲಿನಲ್ಲಿ ನೋಡಿದ್ದು ಮಾರನೆಯ ಬೆಳಿಗ್ಗೆ, ನೀನು ಅವರ ಮನೆಯ ನಲ್ಲಿಯ ಹತ್ತಿರ ಮುಖ ತೊಳೆದು ತಿರುಗಿದಾಗ. ‘ನಾವ್ ನೋಡ್ಬುಟ್ ಓದ ಎಣ್ಣು ಇವ್ಳೇನಾ?’ ಅಂದರಂತೆ. ಇದನ್ನು ನೀನೇ ಹೇಳಿದ್ದು, ಮೂರು ವರ್ಷದ ಕೆಳಗೆ, ಮಗುವನ್ನೆತ್ತಿಕೊಂಡು ಬಂದಿದ್ದಾಗ. ಹೊರಡುವ ಹೊತ್ತಿಗೆ ಹೊಸಿಲು ದಾಟಿ ನಿಂತು ನೀನು ಆಡಿದ ಇನ್ನೊಂದು ಮಾತು ನನ್ನ ಕಿವಿಯಲ್ಲೇ ಇದೆ. ‘ಅಣ್ಣ, ನೀ ನನ್ ಮದ್ವೆ ಮಾಡ್ನಿಲ್ಲ. ಆ ಫೋಟೋಗ್ ಮಾಡ್ದೆ.’ ನಾನು ಬಸ್ಸಿಗೆ ಹೊತ್ತಾಯಿತೆಂದೆ. ಅದಾದ ಮೇಲೆ ನೀನು ಬರಲಿಲ್ಲ.

ನನ್ನ ಕಥೆ ಕೇಳು. ನಿನ್ನ ಮದುವೆ ಕುದುರಿದ ಸುದ್ದಿ ಹಬ್ಬಿ ಹೆಣ್ಣು ಹೆತ್ತವರೆಲ್ಲ ನನ್ನ ಹತ್ತಿರ ಬಂದರು. ಸ್ವಂತ ಸ್ಟುಡಿಯೊ ಆಯಿತು. ‘ಬೆಳ್ಗೆ ತಗಿಯೋ ಜಡೇಸ್ವಾಮಿ’ ಎಂದು ಹನೂರು, ಯಳಂದೂರಿನವರೆಗೂ ಹೆಸರು. ನೀನು ಅಲ್ಲಿ ಅನ್ನಿಸಿಕೊಂಡು ಕೂತಿದ್ದೀಯ, ನಾನು ಇಲ್ಲಿ ಅದೇ ತಟ್ಟೆಯ ಮುಂದೆ ಇನ್ನೊಬ್ಬರ ಹೆಣ್ಣುಮಕ್ಕಳನ್ನು ಕೂರಿಸಿ ಅನ್ನ ತಿನ್ನುತ್ತಿದ್ದೇನೆ. ಎಷ್ಟು ಮನೆಯ ನಲ್ಲಿಗಳ ಹತ್ತಿರ ಅದೇ ಮಾತು ನಡೆದಿದೆಯೋ. ಗಟ್ಟಿಮನಸ್ಸು ಮಾಡಿ ಯಾರನ್ನೂ ವಿಚಾರಿಸಿಲ್ಲ.

ಈಗ ಬುಧವಾರದ ವಿಷಯ. ನಿಮ್ಮತ್ತೆ ಬಂದು ಕೂತು, ಸೆರಗು ಸರಿ ಮಾಡಿಕೊಂಡು, ‘ಯಳಂದೂರ್ ಕಡೆ ಒಂದ್ ಗಂಡೈತೆ ಕಣಪ್ಪ, ಎಣ್ಣು ಬೆಳ್ಗಿರ್ಬೇಕು ಅಂದವ್ರೆ. ಚಿನ್ನತಾಯಿಗ್ ತಗದ್ರಲ್ಲ, ಅಂಗೇ ತಗೀರಿ’ ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಅದು ನನಗೋ ಅವರಿಗೋ? ಒಂದು ಗಳಿಗೆ ಕೆಟ್ಟ ಯೋಚನೆ ಬಂತಮ್ಮ. ತೆಗೆದುಕೊಡೋಣ, ಹಾಲಿನ ಹಾಗೆ ಬೆಳ್ಳಗೆ ತೆಗೆದುಕೊಡೋಣ, ಇವರ ಮಗಳೂ ಒಂದು ಬೆಳಿಗ್ಗೆ ಆ ಮಾತು ಕೇಳಲಿ, ಆಗ ಇವರಿಗೆ ತಿಳಿಯುತ್ತದೆ ಅನ್ನಿಸಿತು. ಲೈಟುಗಳನ್ನೂ ಹಚ್ಚಿದೆ. ಕವಿತ ಬಂದು ಸ್ಟೂಲಿನ ಮೇಲೆ ಕೂತಳು. ಅವಳದು ನಿನ್ನದೇ ಬಣ್ಣ, ಬಹುಶಃ ಒಂದು ಸುತ್ತು ಹೆಚ್ಚೇ ಕಪ್ಪು. ನಾನು ಗಲ್ಲ ಎತ್ತಮ್ಮ ಅಂದೆ. ಎತ್ತಿದಳು. ಕಣ್ಣಲ್ಲಿ ನೀರು ನಿಂತಿತ್ತು, ಬೆಳಕಿಗೋ ಭಯಕ್ಕೋ ಕಾಣೆ. ನನ್ನ ಕೈ ಮುಂದೆ ಹೋಗಲಿಲ್ಲ. ಸ್ವಿಚ್ಚು ಆರಿಸಿ, ಹಿಂದಿನ ಬಾಗಿಲು ತೆಗೆದು, ಅವಳನ್ನು ಅಲ್ಲಿ ನಿಲ್ಲಿಸಿ ಇರುವ ಹಾಗೆ ತೆಗೆದೆ.

ನಿಮ್ಮತ್ತೆ ನೋಡಿ ಕೆಂಡವಾದರು. ‘ಇದೇನ್ರೀ ಇಂಗೈತೆ! ನಿಮ್ ತಂಗಿಗೊಂದು, ನಮ್ ಮಗಳ್ಗೊಂದಾ?’ ಅಂದರು. ಅವರ ಮಾತಿನಲ್ಲಿ ತಪ್ಪೇನಿದೆ ಹೇಳು? ಮೋಸ ಹೋದವರು ಅವರೇ. ಹೆತ್ತವರಿಗೆ ಹೆಗ್ಗಣ ಮುದ್ದು, ಅವರಿಗೂ ಮಗಳ ಚಿಂತೆ. ನಾನು ಮೊಟ್ಟಮೊದಲ ಸಲ ಬಾಯಿಬಿಟ್ಟು ಹೇಳಿದೆ. ‘ನನ್ ತಂಗಿಗ್ ಮಾಡಿದ್ದು ಮೋಸ ಕಣ್ರಮ್ಮ. ನಿಮ್ಗೂ ಮಾಡ್ದೆ, ಅವ್ಳಿಗೂ ಮಾಡ್ದೆ. ಅವ್ಳಿಗ್ ಏನೂ ಗೊತ್ತಿರ್ಲಿಲ್ಲ, ಹೇಳ್ದಂಗೆ ಕೂತ್ಕಂಡ್ಳು. ಬೈಯೋದಾದ್ರೆ ನನ್ನ ಬೈಯಿರಿ.’ ಕವಿತಳೇ ಮೆಲ್ಲಗೆ, ‘ಅವ್ವ, ಇದೇ ಇರ್ಲಿ’ ಅಂದಳು. ಕೊನೆಗೆ ನಿಮ್ಮತ್ತೆ ಕಾಫಿಯನ್ನೂ ಮುಟ್ಟದೆ ಎದ್ದು, ಭಾನುವಾರ ಬಂದು ಫೋಟೋ ಇಸ್ಕೊಳ್ಳುತ್ತೇವೆ ಎಂದು ಹೊರಟರು. ಮನೆಗೆ ಬಂದು ಆ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಂಡರೋ ಏನೋ ಎಂದು ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಯಳಂದೂರಿನವರು ಬೇಡವೆಂದರೆ ಆ ತಪ್ಪೂ ನಿನ್ನ ತಲೆಗೇ ಬರಬಹುದು. ನಾನು ಒಳ್ಳೆಯದು ಮಾಡಹೊರಟರೂ ಪೆಟ್ಟು ನಿನಗೇ ಬೀಳುತ್ತದೆ, ಇದೆಂಥ ಕರ್ಮವೋ.

ಇನ್ನು ಮುಂದೆ ಯಾರನ್ನೂ ಬೆಳ್ಳಗೆ ತೆಗೆಯುವುದಿಲ್ಲ ಎಂದು ವೀರನ ಹಾಗೆ ಬರೆಯಬೇಕೆಂದಿದ್ದೆ. ಬರೆಯಲಾರೆ. ನಾಳೆ ಒಬ್ಬ ತಂದೆ ಬಂದು ಕೈಮುಗಿದರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಆದರೆ ನಿನಗೆ ಮಾಡಿದ್ದು ತಪ್ಪು. ಲೈಟಿನದಲ್ಲ, ಅವ್ವನದಲ್ಲ, ನನ್ನದು. ನೀನು ಕಪ್ಪಗಿರುವುದು ನನಗೆ ಒಂದು ದಿನವೂ ಕೊರತೆಯೆನ್ನಿಸಿರಲಿಲ್ಲ. ಹಾಗಿದ್ದೂ ಮುಚ್ಚಿದೆ. ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಒಂದು ಸಲ ಫೋನಾದರೂ ಎತ್ತು, ಬೈಯುವುದಕ್ಕಾದರೂ ಎತ್ತು.

ಮಾದಸ್ವಾಮಿಯವರಿಗೆ ನನ್ನ ನಮಸ್ಕಾರ ತಿಳಿಸು. ಮಗುವಿಗೆ ಅವಳಿಗೆ ನೆನಪೇ ಇರದ ಈ ಸೋದರಮಾವನ ಮುತ್ತು. ಬೆನ್ನಿನ ಕಡೆ ಗಮನವಿರಲಿ. ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಣ್ಣ,
ಜಡೇಸ್ವಾಮಿ

ಮತ್ತೊಂದು ಮಾತು, ಭಾನುವಾರ ಬೆಳಿಗ್ಗೆ: ಅವರು ಮನೆಗೇ ಬಂದುಬಿಟ್ಟರು. ನಿಮ್ಮತ್ತೆ ಜಗಲಿಯಲ್ಲಿ ಅವ್ವನ ಹತ್ತಿರ ಕೂತಿದ್ದಾರೆ, ಕವಿತ ಕವರಿಗಾಗಿ ಇಲ್ಲೇ ನಿಂತಿದ್ದಾಳೆ. ನಿನ್ನೆ ಇಷ್ಟುದ್ದ ಬರೆದರೂ ಇದೊಂದನ್ನು ಬರೆಯಲು ಕೈ ಬರಲಿಲ್ಲ. ಬುಧವಾರ ನಿಮ್ಮತ್ತೆ ಕಾಲು ತೊಳೆಯಲು ಹಿಂದಕ್ಕೆ ಹೋಗಿದ್ದಾಗ ಕವಿತ ನನಗೆ ಹೇಳಿದಳು. ನಾನು ತೆಗೆದ ಆ ಫೋಟೋವನ್ನು ನಿಮ್ಮತ್ತೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ಹಾಕಿದ್ದಾರಂತೆ. ಮಗು ಅದನ್ನು ತೋರಿಸಿ ಇದು ಯಾರವ್ವ ಎಂದು ಕೇಳಿದ್ದಕ್ಕೆ ನೀನು, ‘ಅದು ನಿನ್ ದೊಡ್ಡವ್ವ ಕಣವ್ವ, ಸತ್ತೋದ್ಲು’ ಅಂದೆಯಂತೆ. ಮಗು ದಿನಾ ಅದಕ್ಕೆ ಹೂವಿಟ್ಟು ಕೈಮುಗಿಯುತ್ತದಂತೆ. ಚಿನ್ನೀ, ನಮಗೆ ಅಕ್ಕ ಇರಲಿಲ್ಲ. ನಾಳೆ ಸೋಮವಾರ, ಮಾದಪ್ಪನ ವಾರ, ನಿಮ್ಮೂರ ಮೇಲೆ ಹೋಗುವ ಬೆಟ್ಟದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನಿಂತುಕೊಂಡೇ ಬರುತ್ತೇನೆ. ನೀನು ಮಾತಾಡಿಸದಿದ್ದರೂ ಸರಿ, ಅಡಿಗೆ ಮಾಡದಿದ್ದರೂ ಸರಿ. ಆ ಫೋಟೋವನ್ನು ನಾನೇ ಗೋಡೆಯಿಂದ ಇಳಿಸಿ, ಮಗುವನ್ನು ಎತ್ತಿಕೊಂಡು ನಿನ್ನೆದುರು ನಿಂತು ಹೇಳುತ್ತೇನೆ, ‘ಯಾರೂ ಸತ್ತಿಲ್ಲ ಕಣವ್ವ, ಅದು ನಿಮ್ಮವ್ವ, ನಿನ್ನ ಮಾವನಿಗೆ ಫೋಟೋ ತೆಗೆಯಲು ಬರುತ್ತಿರಲಿಲ್ಲ.’